ಹತ್ತಿಸುವುದು ಸುಲಭ, ಇಳಿಸುವುದೇ ಕಷ್ಟ: ಸ್ಲೀಪರ್ ಬೋಗಿಯಲ್ಲಿ ಲಗೇಜ್ ನಿಭಾಯಿಸುವುದು ಹೇಗೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ಸಂಚಿಕೆಯನ್ನು ನನ್ನದೇ ಒಂದು ಎಡವಟ್ಟಿನಿಂದ ಶುರು ಮಾಡ್ತೇನೆ.

ಒಂದು ಸಲ ಅಮ್ಮನ ಜೊತೆ ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಕುಂದಾಪುರಕ್ಕೆ ಬರ್ತಾ ಇದ್ದೆ. ಇಬ್ಬರಿಗೆ ಸೇರಿ ಎಂಟು ಲಗೇಜು. ಬೆಂಗಳೂರಿನಲ್ಲಿ ಹತ್ತಿಸುವಾಗ ಏನೂ ಕಷ್ಟ ಆಗಲಿಲ್ಲ. ರೈಲು ಹೊರಡುವುದಕ್ಕೆ ಅರ್ಧ ಗಂಟೆ ಮೊದಲೇ ನಿಂತಿತ್ತು, ತಮ್ಮನೂ ಸಹಾಯಕ್ಕೆ ಬಂದಿದ್ದ. ಬೆಳಗಿನ ಜಾವ ಕುಂದಾಪುರ ಬಂದಾಗ ಮಾತ್ರ ನಾವಿಬ್ಬರೂ ಅರೆನಿದ್ದೆಯಲ್ಲಿ. ನಾನು ಕೆಳಗಿಳಿದು ನಿಂತೆ, ಅಮ್ಮ ಬಾಗಿಲಿನಿಂದ ಒಂದೊಂದೇ ಚೀಲ ಕೊಡ್ತಾ ಹೋದರು. ಆರು ಚೀಲ ಕೆಳಗೆ ಬಂದಿತ್ತು, ರೈಲು ಹೊರಟೇ ಬಿಟ್ಟಿತು! ಅಮ್ಮ ಬಾಗಿಲಲ್ಲೇ ಇದ್ದಾರೆ, ಒಂದು ಕಾಲು ಮೆಟ್ಟಿಲ ಮೇಲೆ. ಪ್ಲಾಟ್‌ಫಾರಂನಲ್ಲಿದ್ದ ಹಿರಿಯರೊಬ್ಬರು ಜೋರಾಗಿ ಕೂಗಿದರು, "ಹ್ವಾಯ್, ಇಳಿಬೇಡಿ, ಇಳಿಬೇಡಿ!" ಅಮ್ಮ ಕಾಲು ಒಳಗೆ ತೆಗೆದುಕೊಂಡರು. "ನಾ ಬೈಂದೂರಂಗೆ ಇಳಿತೆ, ನೀ ಸಾಮಾನ್ ಕಾಣ್ಕೊ ಮಗಾ" ಅಂದದ್ದು ಕೇಳಿಸಿತು, ಅಷ್ಟೇ. ಉಳಿದ ಎರಡು ಚೀಲ ಹಿಡಿದುಕೊಂಡು ಬೈಂದೂರಿನಲ್ಲಿ ಇಳಿದು, ಬಸ್ಸಿನಲ್ಲಿ ವಾಪಸ್ ಬಂದರು.

ಈಗ ನಾವು ಇದನ್ನು ಹೇಳಿಕೊಂಡು ನಗುತ್ತೇವೆ. ಆದರೆ ಆ ಹಿರಿಯರು ಕೂಗದೇ ಹೋಗಿದ್ದರೆ? ಕುಚ್ಚಲಕ್ಕಿ ಚೀಲದ ಸಲುವಾಗಿ ಅಮ್ಮ ಚಲಿಸುವ ರೈಲಿನಿಂದ ಕಾಲಿಡುತ್ತಿದ್ದರು. ಹಾಗಾಗಿ ಇವತ್ತಿನ ವಿಷಯ ಸ್ಲೀಪರ್ ಬೋಗಿಯಲ್ಲಿ ಲಗೇಜು.

ನಮ್ಮ ನಿಲ್ದಾಣಗಳ ವಿಶೇಷ

ರೈಲು ಪ್ರಯಾಣದ ಸಲಹೆಗಳು ಹೆಚ್ಚಾಗಿ ದೊಡ್ಡ ಊರಿನವರ ಲೆಕ್ಕಕ್ಕೆ ಇರುತ್ತವೆ. ರೈಲು ಹೊರಡುವ ಊರಿನಲ್ಲಿ ಹತ್ತಿ, ಕೊನೆಯ ನಿಲ್ದಾಣದಲ್ಲಿ ನಿಧಾನವಾಗಿ ಇಳಿಯುವವರಿಗೆ ಅವು ಸರಿ. ನಮ್ಮದು ಹಾಗಲ್ಲ. ಬ್ರಹ್ಮಾವರದ ಕಡೆಯವರು ಬಾರ್ಕೂರು ನಿಲ್ದಾಣದಲ್ಲಿ ಇಳಿಯಬೇಕು. ಕುಂದಾಪುರ ನಿಲ್ದಾಣ ಪೇಟೆಯೊಳಗಿಲ್ಲ, ಮೂಡ್ಲಕಟ್ಟೆಯಲ್ಲಿದೆ. ಬೈಂದೂರಿನದ್ದು ಮೂಕಾಂಬಿಕಾ ರೋಡ್ ನಿಲ್ದಾಣ, ಕೊಲ್ಲೂರಿಗೆ ಬರುವ ಕೇರಳದ ಯಾತ್ರಿಕರೂ ಅಲ್ಲೇ ಇಳಿಯುತ್ತಾರೆ. ಮೂರೂ ನಡುದಾರಿಯ ನಿಲ್ದಾಣಗಳು. ಎಕ್ಸ್‌ಪ್ರೆಸ್ ರೈಲು ನಿಲ್ಲುವುದು ಸಾಮಾನ್ಯವಾಗಿ ಎರಡು ನಿಮಿಷ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಬರುವುದಂತೂ ಜನ ಗಾಢ ನಿದ್ದೆಯಲ್ಲಿರುವ ಹೊತ್ತಿಗೆ.

1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾಗುವ ಮೊದಲು ಮುಂಬೈಯಿಂದ ಬರುವವರಿಗೆ ಬಸ್ಸೇ ಗತಿ. ಬಸ್ಸಿನಲ್ಲಿ ಸಾಮಾನು ಮೇಲೆ ಕ್ಯಾರಿಯರಿಗೆ ಹೋಗುತ್ತಿತ್ತು, ಇಳಿಸಿ ಮುಗಿಯುವ ತನಕ ಕಂಡಕ್ಟರ್ ಸೀಟಿ ಊದುತ್ತಿರಲಿಲ್ಲ. ಆ ಅಭ್ಯಾಸದಲ್ಲೇ ನಾವು ಈಗಲೂ ಸಾಮಾನು ಕಟ್ಟುತ್ತೇವೆ. ರೈಲು ಮಾತ್ರ ಕಾಯುವುದಿಲ್ಲ ಮಾರಾಯ್ರೆ!

ಅದಕ್ಕೇ ನಾನು ಹೇಳುವುದು ಒಂದೇ ಸೂತ್ರ: ಚೀಲ ಕಟ್ಟುವಾಗಲೇ ಇಳಿಯುವ ಎರಡು ನಿಮಿಷವನ್ನು ಯೋಚಿಸಿ. ಒಬ್ಬೊಬ್ಬರು ಒಂದೇ ಸಲಕ್ಕೆ ಹಿಡಿದುಕೊಂಡು ಇಳಿಯುವಷ್ಟೇ ಸಾಮಾನು ಇರಲಿ. ಬೆನ್ನಿಗೊಂದು, ಕೈಗೊಂದು. ಎಂಟು ಸಣ್ಣ ಚೀಲಕ್ಕಿಂತ ಮೂರು ಗಟ್ಟಿ ಚೀಲ ವಾಸಿ.

ಎಷ್ಟು ತೂಕ ಒಯ್ಯಬಹುದು?

ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಒಬ್ಬರಿಗೆ 40 ಕೆ.ಜಿ. ಉಚಿತ. ಟೂ ಟಯರ್ ಎಸಿಯಲ್ಲಿ 50 ಕೆ.ಜಿ., ಫಸ್ಟ್ ಎಸಿಯಲ್ಲಿ 70 ಕೆ.ಜಿ. 5ರಿಂದ 12 ವರ್ಷದ ಮಕ್ಕಳಿಗೆ ಇದರ ಅರ್ಧ.

40 ಕೆ.ಜಿ. ಅಂದರೆ ಬಹಳ ಅಂತ ಅನ್ನಿಸುತ್ತದೆ. ಊರಿನಿಂದ ಹೊರಡುವವರ ಲೆಕ್ಕ ನೋಡಿ. ಕುಚ್ಚಲಕ್ಕಿ 25 ಕೆ.ಜಿ., ಸುಲಿದ ತೆಂಗಿನಕಾಯಿ 20 ಅಂದರೆ ಸುಮಾರು 10 ಕೆ.ಜಿ., ತೆಂಗಿನೆಣ್ಣೆ 5 ಲೀಟರ್. ಬಟ್ಟೆ ಇಡುವ ಮೊದಲೇ 40 ಆಯಿತು. ಇನ್ನು ಮಿಡಿ ಉಪ್ಪಿನಕಾಯಿ, ಹಪ್ಪಳ, ಮಸಾಲೆ ಪುಡಿ ಬೇರೆ.

ತೂಕ ಜಾಸ್ತಿ ಇದ್ದರೆ ನಿಲ್ದಾಣದ ಲಗೇಜ್ ಕಚೇರಿಯಲ್ಲಿ ಮೊದಲೇ ಬುಕ್ ಮಾಡಬೇಕು. ರೈಲು ಹೊರಡುವುದಕ್ಕೆ 30 ನಿಮಿಷವಾದರೂ ಮೊದಲು ಹೋಗಬೇಕು. ಬುಕ್ ಮಾಡದೆ ಸಿಕ್ಕಿಬಿದ್ದರೆ ಆರು ಪಟ್ಟು ದರ ಕಟ್ಟಬೇಕಾಗಬಹುದು. ಪೆಟ್ಟಿಗೆ, ಸೂಟ್‌ಕೇಸ್‌ಗೆ ಅಳತೆಯ ಮಿತಿಯೂ ಇದೆ: 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರ. ಇದಕ್ಕಿಂತ ಎತ್ತರದ್ದು ಸೀಟಿನ ಅಡಿಗೆ ಹೋಗುವುದೂ ಕಷ್ಟ.

ಗ್ಯಾಸ್ ಸಿಲಿಂಡರ್, ಪಟಾಕಿ, ಆ್ಯಸಿಡ್ ಒಯ್ಯುವ ಹಾಗೇ ಇಲ್ಲ. ಇತರರಿಗೆ ತೊಂದರೆ ಕೊಡುವ ವಾಸನೆಯ ವಸ್ತು, ಸೋರಿ ಬೇರೆಯವರ ಸಾಮಾನು ಹಾಳುಮಾಡುವ ಎಣ್ಣೆ, ತುಪ್ಪದ ಡಬ್ಬಿಗೂ ಅವಕಾಶ ಇಲ್ಲ. ಇದು ನಮಗೆ ನೇರವಾಗಿ ಸಂಬಂಧಪಟ್ಟದ್ದು! ಒಣಮೀನನ್ನು ಒಂದರ ಮೇಲೊಂದು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮುಚ್ಚಳ ಬಿಗಿಯಾಗುವ ಡಬ್ಬಿಗೆ ಹಾಕಿ. ಎಣ್ಣೆ ಕ್ಯಾನನ್ನು ಮಲಗಿಸಬೇಡಿ. ಸೀಟಿನ ಅಡಿಯಲ್ಲಿ ಎಣ್ಣೆ ಚೆಲ್ಲಿದರೆ ಅದು ನಿಮ್ಮ ಚೀಲಕ್ಕೇ ನಿಲ್ಲುವುದಿಲ್ಲ, ಇಡೀ ಕಂಪಾರ್ಟ್‌ಮೆಂಟಿನವರ ಬಟ್ಟೆಗೆ ಹೋಗುತ್ತದೆ.

ಎಲ್ಲಿ ಇಡಬೇಕು?

ಸ್ಲೀಪರ್ ಬೋಗಿಯಲ್ಲಿ ಎಂಟೆಂಟು ಬರ್ತಿನ ಒಂದೊಂದು ಗುಂಪು. 1 ಮತ್ತು 4 ಕೆಳಗಿನವು, 2 ಮತ್ತು 5 ನಡುವಿನವು, 3 ಮತ್ತು 6 ಮೇಲಿನವು, 7 ಮತ್ತು 8 ಪಕ್ಕದವು. ಕೆಳಗಿನ ಬರ್ತ್ ಸಿಕ್ಕವರಿಗೆ ಅಡಿಯ ಜಾಗವೆಲ್ಲ ತಮ್ಮದೇ ಎನ್ನುವ ಭಾವನೆ ಬರುತ್ತದೆ. ಹಾಗಲ್ಲ, ನಡುವಿನ ಮತ್ತು ಮೇಲಿನ ಬರ್ತಿನವರ ಸಾಮಾನೂ ಅಲ್ಲೇ ಹೋಗಬೇಕು. ಹತ್ತಿದ ಕೂಡಲೇ "ನಮ್ಮದು ಎರಡು ಚೀಲ ಇದೆ, ನಾವು ಕುಂದಾಪುರದಲ್ಲಿ ಇಳಿಯುವವರು" ಅಂತ ಎದುರಿನವರಿಗೆ ಹೇಳಿಬಿಡಿ. ಕಾರವಾರದವರ ಸೂಟ್‌ಕೇಸು ಹೊರಗೆ, ನಿಮ್ಮದು ಗೋಡೆಯ ಬದಿ ಒಳಗೆ ಆಯಿತೋ, ಬೆಳಗಿನ ಜಾವ ಕತ್ತಲೆಯಲ್ಲಿ ಅವರ ಸಾಮಾನೆಲ್ಲ ಎಳೆದು ಹಾಕಬೇಕು. ಮೊದಲು ಇಳಿಯುವವರ ಸಾಮಾನು ದಾರಿಯ ಬದಿಗೆ ಇರಲಿ.

ದಾರಿಯ ಬದಿಗೆ ಇಟ್ಟರೆ ಕಳ್ಳತನದ ಭಯ ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಅದಕ್ಕೇ ಕೆಳಗಿನ ಬರ್ತಿನ ಅಡಿಯಲ್ಲಿರುವ ಕಬ್ಬಿಣದ ಬಳೆಗೆ ಚೈನು ಹಾಕಿ ಬೀಗ ಹಾಕಬೇಕು. ಚೈನು ಚೀಲದ ಹಿಡಿಕೆಯೊಳಗಿಂದ ಬರಲಿ. ಬೀಗದ ಕೀ ಚೀಲದೊಳಗೆ ಬೇಡ, ಅಂಗಿಯ ಕಿಸೆಯಲ್ಲೂ ಬೇಡ. ಒಂದು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ. ಕೀ ಹುಡುಕುತ್ತಾ ಎರಡು ನಿಮಿಷ ಕಳೆದವರು ಬೇಕಾದಷ್ಟು ಜನ ಇದ್ದಾರೆ.

ಹಣ, ಚಿನ್ನ, ಮೊಬೈಲು, ಮಾತ್ರೆ, ದಾಖಲೆಪತ್ರ ಒಂದು ಸಣ್ಣ ಚೀಲದಲ್ಲಿ ತಲೆಯ ಅಡಿಗೆ ಇರಲಿ. ಕಿಟಕಿಯ ಬದಿಗೆ ತಲೆ ಹಾಕುವುದಾದರೆ ಶಟರ್ ಇಳಿಸಿ ಮಲಗಿ. ಚೀಲಕ್ಕೆಲ್ಲ ಒಂದೇ ಬಣ್ಣದ ರಿಬ್ಬನ್ನೋ ಹಳೆ ಸೀರೆಯ ತುಂಡೋ ಕಟ್ಟಿ. ಕಪ್ಪು ಬ್ಯಾಗು ಹತ್ತು ಜನರ ಹತ್ತಿರ ಇರುತ್ತದೆ, ಅಮ್ಮನ ಹಸಿರು ಸೀರೆಯ ತುಂಡು ನಮ್ಮ ಹತ್ತಿರ ಮಾತ್ರ.

ಕಳೆದುಹೋದರೆ ಯಾರು ಹೊಣೆ?

ಇದು ಬಹಳ ಜನರಿಗೆ ಗೊತ್ತಿಲ್ಲ. 1989ರ ರೈಲ್ವೆ ಕಾಯ್ದೆಯ 100ನೇ ಕಲಂ ಪ್ರಕಾರ, ಬುಕ್ ಮಾಡಿ ರಸೀದಿ ಪಡೆಯದ ಸಾಮಾನಿಗೆ ರೈಲ್ವೆ ಹೊಣೆಯಲ್ಲ. ನೀವೇ ಇಟ್ಟುಕೊಂಡ ಸಾಮಾನಾದರೆ, ರೈಲ್ವೆ ಸಿಬ್ಬಂದಿಯ ನಿರ್ಲಕ್ಷ್ಯ ಅಥವಾ ದುರ್ನಡತೆಯಿಂದ ಹೋಯಿತು ಅಂತ ಸಾಬೀತು ಮಾಡಬೇಕು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂಥದ್ದೇ ಮಾತು ಹೇಳಿತು. ಸೊಂಟದ ಬೆಲ್ಟಿನಲ್ಲಿದ್ದ 1 ಲಕ್ಷ ರೂಪಾಯಿ ಕಳೆದುಕೊಂಡ ಪ್ರಯಾಣಿಕರ ಪ್ರಕರಣದಲ್ಲಿ, ಪ್ರಯಾಣಿಕರು ತಮ್ಮ ಸ್ವಂತ ವಸ್ತುವನ್ನು ತಾವೇ ಕಾಪಾಡಿಕೊಳ್ಳದಿದ್ದರೆ ಅದನ್ನು ರೈಲ್ವೆಯ ಸೇವಾ ನ್ಯೂನತೆ ಎನ್ನಲಾಗದು ಎಂದಿತು.

ಹಾಗಂತ ಸುಮ್ಮನಿರಬೇಕಾಗಿಲ್ಲ. ಕಳ್ಳತನವಾದರೆ ಕೂಡಲೇ 139ಕ್ಕೆ ಫೋನ್ ಮಾಡಿ. ದೂರಿನ ಫಾರಂ ಟಿಟಿಇ ಅಥವಾ ಗಾರ್ಡ್ ಹತ್ತಿರ ಸಿಗುತ್ತದೆ, ದೂರು ಕೊಡಲು ಪ್ರಯಾಣ ಅರ್ಧಕ್ಕೆ ನಿಲ್ಲಿಸಬೇಕಾಗಿಲ್ಲ.

ಕೊನೆಯ ಅರ್ಧ ಗಂಟೆ

ಬೆಂಗಳೂರು, ಮಂಗಳೂರು ಕಡೆಯಿಂದ ಬರುವವರು: ಬಾರ್ಕೂರು, ಕುಂದಾಪುರಕ್ಕೆ ಇಳಿಯುವವರು ಉಡುಪಿ ಬಂದಾಗಲೇ ಏಳಿ. ಬೈಂದೂರಿನವರು ಕುಂದಾಪುರ ಬಂದಾಗ ಏಳಿ. ಮುಂಬೈಯಿಂದ ಮತ್ಸ್ಯಗಂಧಾದಲ್ಲಿ ಬರುವವರಿಗೆ ಲೆಕ್ಕ ಉಲ್ಟಾ, ಭಟ್ಕಳ ಬಂದರೆ ಬೈಂದೂರಿನವರು ಚೈನು ಬಿಚ್ಚಬೇಕು. ಬರೀ ಗಂಟೆ ನೋಡಿ ಅಲಾರಂ ಇಟ್ಟರೆ ಸಾಲದು, ರೈಲು ತಡವೂ ಆಗಬಹುದು, ಮೊದಲೂ ಬರಬಹುದು. ಚೀಲ ಎಣಿಸಿ ಬಾಗಿಲ ಹತ್ತಿರ ತನ್ನಿ. ಪ್ಲಾಟ್‌ಫಾರಂ ಯಾವ ಕಡೆ ಬರುತ್ತದೆ ಅಂತ ಟಿಟಿಇಯನ್ನು ಕೇಳಿ. ರೈಲು ನಿಂತ ಮೇಲೆ ಮೊದಲು ವಯಸ್ಸಾದವರು ಮತ್ತು ಮಕ್ಕಳು ಇಳಿಯಲಿ, ಗಟ್ಟಿ ಇರುವವರು ಕೊನೆಗೆ ಸಾಮಾನು ಕೊಟ್ಟು ಇಳಿಯಲಿ. ನಾನು ಮಾಡಿದ್ದು ಇದರ ಉಲ್ಟಾ.

ಚೀಲ ಒಳಗೇ ಉಳಿಯಿತಾ? ಉಳಿಯಲಿ. ಸಕಾರಣವಿಲ್ಲದೆ ಅಪಾಯದ ಚೈನ್ ಎಳೆದರೆ 1 ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಇದೆ. ಓಡಿ ಹತ್ತುವುದು, ಹಾರಿ ಇಳಿಯುವುದು ಬೇಡವೇ ಬೇಡ. 139ಕ್ಕೆ ಫೋನ್ ಮಾಡಿ ರೈಲಿನ ನಂಬರು, ಬೋಗಿ, ಬರ್ತ್ ನಂಬರು, ಚೀಲದ ಬಣ್ಣ ಹೇಳಿ. ಟಿಕೆಟ್ ಮೆಸೇಜ್ ಡಿಲೀಟ್ ಮಾಡದೆ ಇಟ್ಟುಕೊಂಡಿದ್ದರೆ ಇದೆಲ್ಲ ಅದರಲ್ಲೇ ಇರುತ್ತದೆ. ಮುಂದಿನ ನಿಲ್ದಾಣಗಳಲ್ಲಿ ಹುಡುಕಿಸಲು ಅಷ್ಟು ಸಾಕು.

ಈಗ ಅಮ್ಮ ಮತ್ತು ನಾನು ಹೊರಟರೆ ಒಟ್ಟು ಮೂರೇ ಚೀಲ. ಅಕ್ಕಿ ಬೆಂಗಳೂರಿನ ಅಂಗಡಿಯಲ್ಲೂ ಸಿಗುತ್ತದೆ ಅಂತ ಅವರಿಗೆ ಒಪ್ಪಿಸುವುದಕ್ಕೆ ಮಾತ್ರ ಎರಡು ವರ್ಷ ಹಿಡಿಯಿತು. ಊರಿನ ಅಕ್ಕಿಯ ರುಚಿ ಬೇರೆ ಅಂತ ಈಗಲೂ ಹೇಳ್ತಾರೆ. ಆದರೆ ಹೊರಡುವ ಮೊದಲು ಚೀಲ ಎಣಿಸುವವರು ಅವರೇ.

ನಿಮ್ಮ ರೈಲಿನ ಅನುಭವಗಳನ್ನೂ ನಮಗೆ ಬರೆದು ಕಳಿಸಿ.