ಶಾಲೆಯ ತಂಡವೋ, ಊರೂರು ತಿರುಗುವ ತಂಡವೋ?

ಮಂಗಳೂರಿನಿಂದ ಹೊರಟು ನಮ್ಮ ಕಾಸರಗೋಡನ್ನು ದಾಟಿ ಚೆನ್ನೈಗೆ ಹೋಗುವ ರೈಲುಗಾಡಿಗಳು ಸೇಲಂ ಬಿಟ್ಟು ಜೋಲಾರಪೇಟೆಯನ್ನು ಸೇರುವ ಮುನ್ನ ಮೊರಪ್ಪೂರು ಎಂಬ ಸ್ಟೇಶನನ್ನು ಹಾದುಹೋಗುತ್ತವೆ. ನಮ್ಮವರಲ್ಲಿ ಹೆಚ್ಚಿನವರು ಆ ಊರನ್ನು ನಿದ್ದೆಯಲ್ಲೇ ದಾಟಿದವರು. 1965ರಲ್ಲಿ ಸೇಲಂನಿಂದ ಬೇರೆಯಾದ ಧರ್ಮಪುರಿ ಜಿಲ್ಲೆಗೆ ಸೇರಿದ ಊರದು. ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಎಂದು ಬದುಕುವ ಕುಟುಂಬಗಳಿವೆ. ನಮಗೆ ಮಲಯಾಳವಿದ್ದಂತೆ ಅವರಿಗೆ ತಮಿಳು.

ನನ್ನ ಚಿಕ್ಕಮ್ಮನ ಮಗ ರೈಲ್ವೆಯ ಕೆಲಸದಲ್ಲಿ ಅಲ್ಲಿದ್ದಾನೆ. ಹೆಂಡತಿ ಆ ಕಡೆಯ ಕನ್ನಡದವಳೇ. ಹಿರಿಯ ಮಗಳು ಹತ್ತನೆಯ ತರಗತಿ, ಓದುವುದು ತಮಿಳು ಮಾಧ್ಯಮದಲ್ಲಿ, ಆಡುವುದು ಕಬಡ್ಡಿ. ರಜೆಯಲ್ಲಿ ನಾನು ಹೋದಾಗ ಚೀಲ ಕೆಳಗಿಡುವ ಮೊದಲೇ ಪಂಚಾಯಿತಿ ಶುರುವಾಯಿತು.

ವಿಷಯ ಇಷ್ಟೆ. ಶಾಲೆಯ ತಂಡಕ್ಕೆ ವಲಯ ಮಟ್ಟದ ಪಂದ್ಯವಿದೆ. ಅದೇ ದಿನ, ಹುಡುಗಿ ಆರು ತಿಂಗಳಿಂದ ಅಭ್ಯಾಸಕ್ಕೆ ಹೋಗುತ್ತಿರುವ ಕ್ಲಬ್ಬಿನವರು ಈರೋಡು ಕಡೆಯ ಒಂದು ಹಬ್ಬದ ಟೂರ್ನಮೆಂಟಿಗೆ ಹೊರಟಿದ್ದಾರೆ. ಕ್ಲಬ್ಬಿನ ಜತೆ ಹೋದರೆ ಇನ್ನು ಶಾಲೆಯ ತಂಡದಲ್ಲಿ ಜಾಗವಿಲ್ಲವೆಂದು ವ್ಯಾಯಾಮ ಶಿಕ್ಷಕರು ಹೇಳಿಯಾಗಿದೆ. ಈ ಸಲ ಬಾರದಿದ್ದರೆ ಬೇರೆ ರೈಡರಳನ್ನು ನೋಡಿಕೊಳ್ಳುತ್ತೇವೆಂದು ಕ್ಲಬ್ಬಿನವರೂ ಹೇಳಿದ್ದಾರೆ.

“ಅಣ್ಣ, ನೀವು ಮಾಷ್ಟ್ರು. ನೀವೇ ಹೇಳಿಬಿಡಿ” ಎಂದ ತಮ್ಮ. “ರಾತ್ರಿ ಎರಡು ಗಂಟೆಗೆ ವ್ಯಾನಿನಲ್ಲಿ ಬಂದು ಇಳಿಯುವ ಆಟ ನಮಗೆ ಬೇಡ ಭಾವ” ಎಂದಳು ಅವನ ಹೆಂಡತಿ. ಟಿ.ಸಿ.ಎಚ್. ತರಬೇತಿಯಲ್ಲಿ ನಮಗೆ ಸೀಟಿ ಊದುವುದನ್ನು ಕಲಿಸಿದ್ದರು, ಅಂಕಣಕ್ಕೆ ಸುಣ್ಣ ಹಾಕುವುದನ್ನು ಕಲಿಸಿದ್ದರು. ಇಂಥ ಪ್ರಶ್ನೆಗೆ ಉತ್ತರವನ್ನು ಕಲಿಸಿರಲಿಲ್ಲ.

ಹುಡುಗಿ ಮಾತ್ರ ಸುಮ್ಮನಿದ್ದಳು. ಮರುದಿನ ಬೆಳಗ್ಗೆ ನೀರು ಸೇದುತ್ತಾ ತಾನಾಗಿ ಹೇಳಿದಳು: “ದೊಡ್ಡಪ್ಪ, ಸ್ಕೂಲ್ ಟೀಮಲ್ಲಿ ನಾನೊಬ್ಬಳೇ ರೈಡರ್. ಪ್ರಾಕ್ಟೀಸಲ್ಲಿ ನನ್ನನ್ನು ಯಾರೂ ಹಿಡಿಯೋದಿಲ್ಲ. ಕ್ಲಬ್ಬಲ್ಲಿ ಹಿಡಿಯೋರಿದ್ದಾರೆ.”

ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಅದಕ್ಕಿಂತ ನೇರವಾಗಿ ಈ ವಿಷಯವನ್ನು ಹೇಳಲು ಬರುತ್ತಿರಲಿಲ್ಲ. ತನ್ನನ್ನು ಹಿಡಿಯುವವರ ಎದುರು ಆಡಿದರೆ ಮಾತ್ರ ಆಟ ಬೆಳೆಯುತ್ತದೆ. ಅದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಶಾಲೆಯ ಅಂಕಣ ಮಣ್ಣಿನದು, ದೊಡ್ಡ ಪಂದ್ಯಗಳೆಲ್ಲ ಈಗ ಮ್ಯಾಟಿನ ಮೇಲೆ. ಬರಿಗಾಲಲ್ಲಿ ಮಣ್ಣಿನಲ್ಲಿ ಬೆಳೆದ ಮಗು ಮೊದಲ ಸಲ ಶೂ ಹಾಕಿ ಮ್ಯಾಟಿಗೆ ಇಳಿದಾಗ ತಿರುಗುವ ಪಾದವೇ ಬೇರೆಯಾಗುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಕ್ಲಬ್ಬುಗಳು ಸಾಲ ಮಾಡಿಯಾದರೂ ಮ್ಯಾಟು ತರುತ್ತಿವೆ. ಶಾಲೆಗಳಿಗೆ ಆ ಭಾಗ್ಯ ಅಪರೂಪ.

ಕಾಸರಗೋಡಿನವರಿಗೆ ಕಬಡ್ಡಿಯ ಕ್ಲಬ್ಬೆಂದರೆ ಏನೆಂದು ವಿವರಿಸಬೇಕಾಗಿಲ್ಲ. 2015ರಲ್ಲಿ ಯು ಮುಂಬಾ ತಂಡ ಪ್ರೊ ಕಬಡ್ಡಿ ಗೆದ್ದಾಗ ಅದರ ಕೋಚ್ ಆಗಿದ್ದ ಇ. ಭಾಸ್ಕರನ್ ನಮ್ಮ ಜಿಲ್ಲೆಯವರೇ. ಇನ್ನು ನಮ್ಮ ಕನ್ನಡ ಶಾಲೆಗಳ ಪಾಡು ಬೇರೆ. ಮಕ್ಕಳ ಸಂಖ್ಯೆ ಇಳಿದಲ್ಲಿ ವ್ಯಾಯಾಮ ಶಿಕ್ಷಕರ ಹುದ್ದೆಯೂ ಹೋಗುತ್ತದೆ. ಅಲ್ಲಿ ಗಣಿತದ ಟೀಚರೇ ಸೀಟಿ ಹಿಡಿಯಬೇಕು. ಅಂಥ ಶಾಲೆಯ ಮಗುವಿಗೆ ಊರಿನ ಕ್ಲಬ್ಬು ಬಿಟ್ಟರೆ ಬೇರೆ ಗತಿಯಿಲ್ಲ.

ಹಾಗಿದ್ದರೆ ಶಾಲೆಯ ತಂಡವನ್ನು ಬಿಟ್ಟೇಬಿಡಬಹುದೇ? ಮೊರಪ್ಪೂರಿನಿಂದ ಹೆಚ್ಚು ದೂರವಲ್ಲದ ಸೇಲಂ ಜಿಲ್ಲೆಯ ಇಬ್ಬರ ಕಥೆಯನ್ನು ಅಂದು ಸಂಜೆ ಮನೆಯಲ್ಲಿ ಹೇಳಿದೆ. ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್ ಶಾಲೆಯ ತಂಡದಿಂದ ಬಂದವರಲ್ಲ. ಇಪ್ಪತ್ತರ ವಯಸ್ಸಿನವರೆಗೂ ಟೆನ್ನಿಸ್ ಚೆಂಡಿನ ಕ್ರಿಕೆಟ್ ಆಡಿದವರು. ಅದೇ ಊರಿನ ಜಯಪ್ರಕಾಶ್ ಎಂಬವರು ಅವರನ್ನು ಚೆನ್ನೈಯ ಕ್ಲಬ್ಬಿಗೆ ಸೇರಿಸಿದರು. 2017ರ ಐ.ಪಿ.ಎಲ್. ಹರಾಜಿನಲ್ಲಿ 3 ಕೋಟಿ ರೂಪಾಯಿ ಬಂತು. 2021ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಆಡಿದರು. ಇತ್ತ ಪೆರಿಯವಡಗಂಪಟ್ಟಿಯ ಮಾರಿಯಪ್ಪನ್ ತಂಗವೇಲು. ಐದನೆಯ ವಯಸ್ಸಿನಲ್ಲಿ ಬಸ್ಸು ಹರಿದು ಬಲಗಾಲು ಊನವಾದ ಹುಡುಗ. ಅವನನ್ನು ಎತ್ತರ ಜಿಗಿತಕ್ಕೆ ಹಚ್ಚಿದವರು ಶಾಲೆಯ ವ್ಯಾಯಾಮ ಶಿಕ್ಷಕರು. ಬೆಂಗಳೂರಿನ ಕೋಚ್ ಸತ್ಯನಾರಾಯಣರ ಕೈಗೆ ಬಂದದ್ದು ಆಮೇಲೆ. 2016ರ ರಿಯೋ ಪ್ಯಾರಾಲಿಂಪಿಕ್ಸಿನಲ್ಲಿ 1.89 ಮೀಟರ್ ಜಿಗಿದು ಚಿನ್ನ, ಮುಂದೆ ಟೋಕಿಯೋದಲ್ಲಿ ಬೆಳ್ಳಿ, 2024ರಲ್ಲಿ ಪ್ಯಾರಿಸಿನಲ್ಲಿ ಕಂಚು.

“ಹಾಗಾದರೆ ಎರಡೂ ದಾರಿ ಸರಿ ಎಂದಾಯಿತು” ಎಂದ ತಮ್ಮ. ಸರಿಯೇ. ಆದರೆ ನಟರಾಜನ್ ಆದವರು ಒಬ್ಬರು. ಹಾಗೆಯೇ ಆಡಿ ಮೂವತ್ತರಲ್ಲಿ ಕೈಯಲ್ಲಿ ಕಪ್ಪುಗಳು ಮಾತ್ರ ಉಳಿದವರನ್ನು ನಮ್ಮೂರಲ್ಲೇ ಎಷ್ಟೋ ಮಂದಿಯನ್ನು ನೋಡಿದ್ದೇನೆ.

ಇಲ್ಲಿ ಕಾಗದದ ವಿಷಯ ಬರುತ್ತದೆ. ನಮ್ಮ ತಂದೆತಾಯಿಗಳು ಹೆಚ್ಚಾಗಿ ಇದನ್ನು ತಡವಾಗಿ ತಿಳಿಯುತ್ತಾರೆ. ಕ್ರೀಡಾ ಕೋಟಾದ ನೇಮಕಾತಿಯ ಬಗ್ಗೆ ಕೇಂದ್ರ ಸರಕಾರ 1980ರಲ್ಲಿ ಹೊರಡಿಸಿದ ಆದೇಶ ಯಾರನ್ನು ಗಣಿಸುತ್ತದೆಂದು ಸ್ಪಷ್ಟವಾಗಿ ಹೇಳಿದೆ: ರಾಷ್ಟ್ರೀಯ ಅಥವಾ ಅಂತಾರಾಷ್ಟ್ರೀಯ ಪಂದ್ಯದಲ್ಲಿ ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸಿದವರು, ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ಆಡಿದವರು, ಶಾಲಾ ಕ್ರೀಡಾ ಫೆಡರೇಶನಿನ ರಾಷ್ಟ್ರೀಯ ಕೂಟದಲ್ಲಿ ರಾಜ್ಯದ ಶಾಲಾ ತಂಡಕ್ಕೆ ಆಡಿದವರು. ಹಬ್ಬದ ಟೂರ್ನಮೆಂಟಿನಲ್ಲಿ ಹತ್ತು ಸಾವಿರ ಜನರ ಮುಂದೆ ‘ಬೆಸ್ಟ್ ರೈಡರ್’ ಆಗಿ ಟಿ.ವಿ. ಪೆಟ್ಟಿಗೆ ಗೆದ್ದರೂ ಆ ಸರ್ಟಿಫಿಕೇಟು ಅಲ್ಲಿ ನಡೆಯುವುದಿಲ್ಲ. ಕೇರಳದ ಗ್ರೇಸ್ ಮಾರ್ಕೂ ಹಾಗೆಯೇ. ಕೋವಿಡ್ ಕಾಲದಲ್ಲಿ ನಿಂತು 2023ರಲ್ಲಿ ಮರಳಿತು, ಶಾಲೆಯ ಮೆಟ್ಟಿಲು ಹತ್ತಿ ಹೋದವರಿಗೆ ಅದು ಸಿಗುತ್ತದೆ.

ಆದರೆ ಕ್ಲಬ್ಬುಗಳೆಲ್ಲ ಒಂದೇ ಅಲ್ಲ. ಜಿಲ್ಲಾ ಕಬಡ್ಡಿ ಸಂಸ್ಥೆಯಲ್ಲಿ ನೋಂದಾಯಿಸಿದ ಕ್ಲಬ್ಬಾದರೆ ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯದ ಸಬ್ ಜೂನಿಯರ್, ಜೂನಿಯರ್ ತಂಡಗಳಿಗೆ ದಾರಿಯಿದೆ. ಹಬ್ಬಕ್ಕಾಗಿ ಹುಟ್ಟಿ ಹಬ್ಬದಲ್ಲೇ ಮುಗಿಯುವ ತಂಡವಾದರೆ ವ್ಯಾನಿನ ಸವಾರಿ ಮಾತ್ರ. ತಮ್ಮನ ಮಗಳ ಕ್ಲಬ್ಬು ಇದರಲ್ಲಿ ಯಾವುದೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ! ಫೋನು ಮಾಡಿಸಿದೆ. ನೋಂದಣಿ ಇತ್ತು.

ಅಮೇರಿಕದಲ್ಲಿರುವ ನಮ್ಮ ಕನ್ನಡ ಮನೆಗಳಲ್ಲೂ ಇಂಥದೇ ಪ್ರಶ್ನೆ ಸಾಫ್ಟ್‌ಬಾಲಿನ ಹೆಸರಿನಲ್ಲಿ ಏಳುತ್ತದೆ. ಬೇಸ್‌ಬಾಲಿನ ತಂಗಿಯಂಥ ಆಟವದು. 1887ರಲ್ಲಿ ಶಿಕಾಗೋದಲ್ಲಿ ಹುಟ್ಟಿತು. ಅಲ್ಲಿ ಲೆಕ್ಕ ತಿರುಗುಮುರುಗು. ಕಾಲೇಜಿನ ಕೋಚುಗಳು ಹುಡುಗಿಯರನ್ನು ಆರಿಸಲು ಬಂದು ಕೂರುವುದು ಹೆಚ್ಚಾಗಿ ಊರೂರು ತಿರುಗುವ ಕ್ಲಬ್ಬುಗಳ ಪಂದ್ಯಗಳಲ್ಲಿ. ಅದಕ್ಕೆ ತಂದೆತಾಯಿ ವರ್ಷಕ್ಕೆ ಸಾವಿರಾರು ಡಾಲರು ಸುರಿಯಬೇಕು. ಆದರೆ ಒಂದು ಅನುಕೂಲವಿದೆ. ಹೆಚ್ಚಿನ ಕಡೆ ಶಾಲೆಯ ಪಂದ್ಯ ವಸಂತದಲ್ಲಿ, ಕ್ಲಬ್ಬಿನದು ಬೇಸಗೆಯಲ್ಲಿ. ಎಷ್ಟೋ ರಾಜ್ಯಗಳಲ್ಲಿ ಶಾಲೆಯ ಋತುವಿನಲ್ಲಿ ಹೊರಗಿನ ತಂಡಕ್ಕೆ ಆಡಬಾರದೆಂಬ ನಿಯಮವೂ ಇದೆ. ನಮ್ಮಲ್ಲಿ ಎರಡೂ ಒಂದೇ ಶನಿವಾರಕ್ಕೆ ಬಂದು ಕೂರುತ್ತವೆ. ಹದಿನೈದು ವರ್ಷದ ಮಗು ನಡುವೆ ನಿಂತು ಯಾರನ್ನಾದರೂ ಬಿಡಬೇಕು.

ನನ್ನ ಒಂದು ತಪ್ಪನ್ನೂ ಅವರಿಗೆ ಹೇಳಿದೆ. ವರ್ಷಗಳ ಹಿಂದೆ ನಾನು ಶಾಲೆಯ ತಂಡದ ಮೇನೇಜರ್ ಆಗಿದ್ದಾಗ, ಕ್ಲಬ್ಬಿನ ರಾತ್ರಿ ಪಂದ್ಯಕ್ಕೆ ಹೋದನೆಂದು ಒಬ್ಬ ಹುಡುಗನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಶಿಸ್ತು ಎಂದು ಬೀಗಿದ್ದೆ. ಶಾಲೆ ಬಾಗಿಲು ಮುಚ್ಚಿದ ಮೇಲೆ ಅವನಿಗೆ ರಾತ್ರಿ ಪಂದ್ಯಗಳೇ ಗತಿಯಾದವು. ಒಂದೇ ರಾತ್ರಿ ನಾಲ್ಕು ಆಟ, ಬೆಳಗ್ಗೆ ಕ್ಲಾಸಿನಲ್ಲಿ ನಿದ್ದೆ. ಆ ವರ್ಷವೇ ಮೊಣಕಾಲು ಹೋಯಿತು. ಅವನಿಗೆ ಶಾಲೆಯ ಕಾಗದವೂ ಸಿಗಲಿಲ್ಲ, ಕ್ಲಬ್ಬೂ ಉಳಿಯಲಿಲ್ಲ. ಈಗ ಗಲ್ಫಿನಲ್ಲಿದ್ದಾನೆ, ಊರಿಗೆ ಬಂದಾಗ ಕಂಡರೆ ನಗುತ್ತಾನೆ.

ಆದ್ದರಿಂದ ನನ್ನ ಅಭಿಪ್ರಾಯ ಇಂತಿತ್ತು. ಈ ಶನಿವಾರ ಶಾಲೆಗೆ ಆಡಲಿ. ಹದಿನೇಳರೊಳಗಿನವರ ಶಾಲಾ ತಂಡದ ಬಾಗಿಲು ಇನ್ನೊಂದೆರಡು ವರ್ಷಕ್ಕೆ ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ; ಕ್ಲಬ್ಬು ಆಮೇಲೂ ಇರುತ್ತದೆ. ಆದರೆ ಕ್ಲಬ್ಬಿನ ಅಭ್ಯಾಸವನ್ನು ಬಿಡಿಸಬಾರದು, ರಾತ್ರಿ ಪಂದ್ಯಗಳು ಪರೀಕ್ಷೆ ಮುಗಿಯುವವರೆಗೆ ಬೇಡ. “ಹೆಣ್ಣುಮಗು, ಆಮೇಲೆ ಎಲ್ಲಿಯ ಕ್ಲಬ್ಬು” ಎಂದು ಅವಳ ತಾಯಿ ಗೊಣಗಿದಾಗ ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿಯನ್ನು ನೆನಪಿಸಿದೆ. 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳ ಚಿನ್ನ, ಅರ್ಜುನ ಪ್ರಶಸ್ತಿ, ಅದಲ್ಲದೆ ರೈಲ್ವೆಯ ಕೆಲಸ. ರೈಲ್ವೆ ಎಂದಾಗ ತಮ್ಮನ ಮುಖ ಸ್ವಲ್ಪ ಅರಳಿತು.

ಮರುದಿನ ನಾನು, ತಮ್ಮ ಇಬ್ಬರೂ ಶಾಲೆಗೆ ಹೋದೆವು. ನನ್ನ ತಮಿಳು ಕಾಸರಗೋಡಿನ ತಮಿಳು, ಅಂದರೆ ಅರ್ಧ ಮಲಯಾಳ. ವ್ಯಾಯಾಮ ಶಿಕ್ಷಕರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. ಅವರಿಗೂ ಅವರದೇ ಕಷ್ಟ: ಏಳು ಮಂದಿಯ ತಂಡ ಕಟ್ಟಿ ಕರೆದೊಯ್ಯುವ ದಿನ ಇಬ್ಬರು ಬಾರದಿದ್ದರೆ ಉಳಿದ ಐವರ ವರ್ಷ ಹಾಳು. ಶಾಲೆಯ ಪಂದ್ಯದ ದಿನ ತಪ್ಪಿಸುವುದಿಲ್ಲವೆಂದರೆ ಉಳಿದ ದಿನ ಅವಳು ಎಲ್ಲಿ ಕಲಿತರೂ ತನಗೆ ಸಂತೋಷವೇ ಎಂದರು.

ನಾನು ಊರಿಗೆ ಮರಳಿದ ವಾರದ ಕೊನೆಗೆ ಫೋನು ಬಂತು. ಎರಡನೆಯ ಪಂದ್ಯದಲ್ಲಿ ಎರಡು ಪಾಯಿಂಟಿನಿಂದ ಸೋತರಂತೆ. ಹುಡುಗಿ ಎಲ್ಲಿ ಎಂದು ಕೇಳಿದೆ. “ಮ್ಯಾಟಿಗೆ ಹೋಗಿದ್ದಾಳೆ ಭಾವ, ಶಾಲೆಯ ಇನ್ನಿಬ್ಬರನ್ನೂ ಕರಕೊಂಡು” ಎಂದಳು ಅವಳ ತಾಯಿ.