ನಾಯಿ ಮೈ ಕೆರೆದುಕೊಳ್ಳುತ್ತಿದೆಯೇ? ಸೋಪು ಹಚ್ಚುವ ಮೊದಲು ಓದಿ

ಸಾಕುಪ್ರಾಣಿಗಳ ಆರೋಗ್ಯ ಕುರಿತ ಮಾತುಕತೆ ಪ್ರಸಾರವಾದಾಗಲೆಲ್ಲ ವೀಕ್ಷಕರಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ. "ನಮ್ಮ ನಾಯಿಯ ಮೈ ಒಣಗಿ ಹೊಟ್ಟು ಏಳುತ್ತಿದೆ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ. ಏನು ಹಚ್ಚಬೇಕು?" ಸ್ಟುಡಿಯೋದಲ್ಲಿ ವೈದ್ಯರಿಗೆ ಇದಕ್ಕೆ ಸಿಗುವುದು ಎರಡು ನಿಮಿಷ. ಅಷ್ಟರಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ನಾನೂ ಒಮ್ಮೆ ತಪ್ಪು ಮಾಡಿದವನೇ.

ನಮ್ಮ ಮನೆಯ ಕೆಂಚ ಬೀದಿಯಿಂದ ಬಂದವನು. ಒಂದು ಚಳಿಗಾಲದಲ್ಲಿ ಅವನ ಬೆನ್ನ ಮೇಲೆ ಬಿಳಿ ಹೊಟ್ಟು ಕಾಣಿಸಿತು. ಒಣ ಹವೆಯ ಪರಿಣಾಮವಿರಬೇಕೆಂದು ನಾನೇ ತೀರ್ಮಾನಿಸಿದೆ. ವಾರಕ್ಕೆ ಎರಡು ಸಲ ನಾವು ಬಳಸುವ ಸೋಪಿನಿಂದಲೇ ಸ್ನಾನ, ಮೇಲೆ ಕೊಬ್ಬರಿ ಎಣ್ಣೆ. ತಿಂಗಳಾಗುವಷ್ಟರಲ್ಲಿ ಬಾಲದ ಬುಡದ ಕೂದಲೆಲ್ಲ ಉದುರಿ ಚರ್ಮ ಕೆಂಪಾಯಿತು. ಅದೇ ವೇಳೆಗೆ ಮಗಳ ಕಣಕಾಲಿನಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆಗಳು ಎದ್ದವು. ಅಮ್ಮ ಹೆದರಿದರು. "ಮಗು ಇರೋ ಮನೆ ಕಣೋ, ಇದನ್ನ ಎಲ್ಲಾದ್ರೂ ದೂರ ಬಿಟ್ಟು ಬಾ" ಎಂದರು. ಚರ್ಮರೋಗ ಬಂದ ಎಷ್ಟೋ ನಾಯಿಗಳು ಬೀದಿ ಪಾಲಾಗುವುದು ಹೀಗೆಯೇ.

ಬಿಡುವ ಮೊದಲು ಒಮ್ಮೆ ತೋರಿಸಿಬಿಡೋಣವೆಂದು ಪಶುವೈದ್ಯರಲ್ಲಿಗೆ ಹೋದೆವು. ಅವರು ಮುಲಾಮನ್ನೇನೂ ಬರೆದುಕೊಡಲಿಲ್ಲ. ಹೇನು ಬಾಚಣಿಗೆಯಿಂದ ಕೆಂಚನ ಸೊಂಟದ ಭಾಗವನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿದರು. ಕ್ಷಣದಲ್ಲಿ ಪುಡಿಯ ಸುತ್ತ ಕೆಂಗಂದು ಬಣ್ಣ ಹರಡಿತು. ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಅಂದರೆ ಜೀರ್ಣವಾದ ರಕ್ತ. ಮಗಳ ಕಾಲನ್ನು ಕಚ್ಚುತ್ತಿದ್ದುದೂ ಚಿಗಟವೇ.

ಸೋಪು ಮಾಡಿದ ಕೆಲಸ

ಹಾಗಾದರೆ ನಮ್ಮ ಉಪಚಾರದಿಂದ ಕಾಯಿಲೆ ಹೆಚ್ಚಿದ್ದೇಕೆ? ನಾಯಿಯ ಮೇಲ್ಚರ್ಮ ನಮ್ಮದಕ್ಕಿಂತ ತೆಳು. ನಮ್ಮಲ್ಲಿ 10ರಿಂದ 15 ಪದರ ಜೀವಕೋಶಗಳಿದ್ದರೆ ನಾಯಿಯಲ್ಲಿ 3ರಿಂದ 5 ಮಾತ್ರ. ಚರ್ಮದ ಕೋಶಗಳು ಇಟ್ಟಿಗೆಗಳಾದರೆ ಅವುಗಳ ನಡುವಿನ ಜಿಡ್ಡು ಗಾರೆ ಇದ್ದಂತೆ. ಒಳಗಿನ ತೇವ ಆರದಂತೆ, ಹೊರಗಿನ ಧೂಳು ಮತ್ತು ರೋಗಾಣುಗಳು ಒಳಹೋಗದಂತೆ ತಡೆಯುವುದು ಈ ಗಾರೆ. ಮೈಸೋಪು ಕ್ಷಾರೀಯ. ಪದೇ ಪದೇ ಹಚ್ಚಿದರೆ ಆ ಜಿಡ್ಡು ತೊಳೆದುಹೋಗುತ್ತದೆ. ಚರ್ಮ ಒಣಗುತ್ತದೆ, ನವೆ ಹೆಚ್ಚುತ್ತದೆ, ಕೆರೆದಲ್ಲಿ ಗಾಯವಾಗಿ ಬ್ಯಾಕ್ಟೀರಿಯಾ ಸೇರುತ್ತದೆ. ನಾಯಿ ಇನ್ನೂ ಹೆಚ್ಚು ಕೆರೆಯುತ್ತದೆ. ನಾವು ಇನ್ನೊಂದು ಸ್ನಾನ ಮಾಡಿಸುತ್ತೇವೆ.

ಎಲ್ಲಿ ಕೆರೆಯುತ್ತದೆ, ಗಮನಿಸಿ

ಒಣ ಚರ್ಮ ಎನ್ನುವುದು ಬಹಳ ಸಲ ರೋಗದ ಹೆಸರಲ್ಲ, ಲಕ್ಷಣ. ಕಾರಣವನ್ನು ಊಹಿಸಲು ತುರಿಕೆಯ ಜಾಗ ಸಹಾಯ ಮಾಡುತ್ತದೆ. ಬಾಲದ ಬುಡ ಮತ್ತು ಸೊಂಟದಲ್ಲಾದರೆ ಮೊದಲು ಚಿಗಟವನ್ನು ಹುಡುಕಬೇಕು. ಕಿವಿಯ ಅಂಚು, ಮೊಣಕೈಗಳಲ್ಲಿ ಹಕ್ಕಳೆ ಕಟ್ಟಿ ವಿಪರೀತ ತುರಿಕೆಯಿದ್ದರೆ ಅದು ಸಾರ್ಕಾಪ್ಟಿಸ್ ಎಂಬ ನುಸಿಯಿಂದ ಬರುವ ಕಜ್ಜಿಯಾಗಿರಬಹುದು. ಇದು ಮನೆಯವರಿಗೂ ತಾತ್ಕಾಲಿಕವಾಗಿ ತುರಿಕೆ ತರಬಲ್ಲದು. ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿಯಿಂದ ಕೂದಲು ಉದುರುತ್ತದೆಯಾದರೂ ಅದು ಮನುಷ್ಯರಿಗೆ ಅಂಟುವುದಿಲ್ಲ. ಪಾದಗಳನ್ನು ಸದಾ ನೆಕ್ಕುವುದು, ಕಂಕುಳು, ಹೊಟ್ಟೆ ಮತ್ತು ಕಿವಿಗಳಲ್ಲಿ ನವೆ ಇರುವುದು ಅಲರ್ಜಿಯ ಸೂಚನೆ. ಮೈ ಜಿಡ್ಡಾಗಿ ಮುಗ್ಗಲು ವಾಸನೆ ಬಂದರೆ ಯೀಸ್ಟ್ ಶಿಲೀಂಧ್ರದ ಶಂಕೆ. ಗುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿ ಇರಬಹುದು. ಅದೂ ಮಕ್ಕಳಿಗೆ ಅಂಟುತ್ತದೆ. ತುರಿಕೆಯೇ ಇಲ್ಲದೆ ಕೂದಲು ಒರಟಾಗಿ ಉದುರುತ್ತಾ, ನಾಯಿ ದಪ್ಪಗಾಗಿ ಮಂಕಾದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

ಇವೆಲ್ಲ ಊಹೆಗೆ ದಾರಿಯಷ್ಟೆ. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹಳಷ್ಟು ಸಂಶಯ ಪರಿಹಾರವಾಗುತ್ತದೆ. ಇದು ಸರಳ ಪರೀಕ್ಷೆ, ಕೆಲವೇ ನಿಮಿಷಗಳ ಕೆಲಸ.

ಚಿಗಟ ಇರುವುದು ನಾಯಿಯ ಮೇಲಷ್ಟೇ ಅಲ್ಲ

ನಾಯಿಯ ಮೈಮೇಲೆ ಕಾಣುವುದು ದೊಡ್ಡ ಚಿಗಟಗಳು ಮಾತ್ರ. ಅವು ಇಟ್ಟ ಮೊಟ್ಟೆಗಳು ಉದುರಿ ಚಾಪೆ, ಸೋಫಾ, ನೆಲದ ಬಿರುಕುಗಳಲ್ಲಿ ಸೇರುತ್ತವೆ. ಮನೆಯೊಳಗಿನ ಚಿಗಟ ಸಂತತಿಯ ಬಹುಪಾಲು ಇರುವುದು ಅಲ್ಲಿಯೇ, ಮೊಟ್ಟೆ, ಮರಿಹುಳು ಮತ್ತು ಗೂಡಿನ ರೂಪದಲ್ಲಿ. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಆದ್ದರಿಂದ ಒಂದು ಸಲ ಔಷಧಿ ಹಾಕಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ಕನಿಷ್ಠ ಮೂರು ತಿಂಗಳು, ಮನೆಯಲ್ಲಿರುವ ಎಲ್ಲ ನಾಯಿ ಬೆಕ್ಕುಗಳಿಗೂ ಚಿಕಿತ್ಸೆ ಬೇಕು. ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಮೂಲೆಗಳನ್ನು ಗುಡಿಸಿ. ಚಿಗಟದ ಎಂಜಲಿಗೆ ಅಲರ್ಜಿಯಿರುವ ನಾಯಿಗೆ ಒಂದೆರಡು ಕಡಿತವೇ ಸಾಕು. ಚಿಗಟ ಕಣ್ಣಿಗೆ ಬೀಳಲಿಲ್ಲವೆಂದು ಅದು ಇಲ್ಲವೆನ್ನಲಾಗದು.

ನವೆಗೆ ಉಪಶಮನ

ಕಾರಣಕ್ಕೆ ಚಿಕಿತ್ಸೆ ನಡೆಯುತ್ತಿರುವಾಗಲೇ ನಾಯಿಗೆ ಹಿತವಾಗುವಂತೆಯೂ ನೋಡಿಕೊಳ್ಳಬಹುದು. ಸ್ನಾನಕ್ಕೆ ನಾಯಿಗಳಿಗೆಂದೇ ಇರುವ ಸೌಮ್ಯ ಶಾಂಪೂ ಬಳಸಿ. ನೀರು ಉಗುರುಬೆಚ್ಚಗಿಂತ ಹೆಚ್ಚು ಬಿಸಿ ಬೇಡ. ಆರೋಗ್ಯವಾಗಿರುವ ನಾಯಿಗೆ ಮೂರು ನಾಲ್ಕು ವಾರಕ್ಕೊಂದು ಸ್ನಾನ ಸಾಕು. ವೈದ್ಯರು ಔಷಧಿಯ ಶಾಂಪೂ ಕೊಟ್ಟಿದ್ದರೆ ಅವರು ಹೇಳಿದಷ್ಟು ಸಲ ಬಳಸಿ. ಅದನ್ನು ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಕೂಡಲೇ ತೊಳೆದರೆ ಔಷಧಿ ಕೆಲಸ ಮಾಡುವುದಿಲ್ಲ. ಓಟ್ಸನ್ನು ನುಣ್ಣಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ, ಮೈಮೇಲೆ ಹತ್ತು ನಿಮಿಷ ಬಿಟ್ಟು ತೊಳೆದರೆ ತುರಿಕೆಗೆ ತಾತ್ಕಾಲಿಕ ಸಮಾಧಾನ ಸಿಗುತ್ತದೆ.

ಆಹಾರದ ಪಾತ್ರವೂ ಇದೆ. 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟಾಗ ಅವುಗಳ ಚರ್ಮ ಹೊಟ್ಟೆದ್ದಿತು. ದೇಹ ತಾನೇ ತಯಾರಿಸಿಕೊಳ್ಳಲಾಗದ ಕೊಬ್ಬಿನಾಮ್ಲಗಳಿವೆಯೆಂಬುದು ಹಾಗೆ ತಿಳಿಯಿತು. ನಾಯಿಗೂ ಲಿನೋಲಿಯಿಕ್ ಆಮ್ಲ ಬೇಕು. ಬರೀ ಅನ್ನ ಮಜ್ಜಿಗೆಯಲ್ಲಿ ಅದು ತೀರ ಕಡಿಮೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಧಾರಾಳವಾಗಿದೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಎರಡರಷ್ಟೂ ಇರುವುದು ಕಷ್ಟ. ವೈದ್ಯರನ್ನು ಕೇಳಿ ಸ್ವಲ್ಪ ಸೂರ್ಯಕಾಂತಿ ಎಣ್ಣೆಯನ್ನೋ ಮೀನೆಣ್ಣೆಯನ್ನೋ ಊಟದಲ್ಲಿ ಸೇರಿಸಬಹುದು. ಫಲ ಕಾಣಲು ಎರಡು ತಿಂಗಳಾದರೂ ಬೇಕು. ಮೇದೋಜೀರಕದ ತೊಂದರೆಯಿರುವ ನಾಯಿಗೆ ಎಣ್ಣೆ ಬೇಡ.

ಮಾಡಬಾರದ್ದು

ಕಜ್ಜಿಗೆ ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್, ಫಿನೈಲ್ ಹಚ್ಚುವ ಪದ್ಧತಿ ಇನ್ನೂ ಇದೆ. ನಾಯಿ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗೂ ಹೋಗುತ್ತದೆ. ಟೀ ಟ್ರೀ ಎಣ್ಣೆಯೂ ನಾಯಿಗೆ ವಿಷವೇ. ನಾಯಿಗೆ ಬಳಸುವ ಪರ್ಮೆತ್ರಿನ್ ಔಷಧಿ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಔಷಧಿ ಅಂಗಡಿಯಿಂದ ತಾವೇ ಸ್ಟಿರಾಯ್ಡ್ ಮಾತ್ರೆ ತಂದು ಕೊಡುವವರಿದ್ದಾರೆ. ಅದರಿಂದ ತುರಿಕೆ ನಿಲ್ಲುತ್ತದೆ ನಿಜ. ಆದರೆ ಒಳಗಿರುವುದು ಕಜ್ಜಿಯೋ ಹುಳುಕಡ್ಡಿಯೋ ಆಗಿದ್ದರೆ ಅದು ಮತ್ತಷ್ಟು ಹರಡುತ್ತದೆ. ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಕಾಲಿ ಜಾತಿಯ ಕೆಲವು ನಾಯಿಗಳು ತಡೆದುಕೊಳ್ಳಲಾರವು. ಅದನ್ನೂ ವೈದ್ಯರೇ ನಿರ್ಧರಿಸಬೇಕು.

ಕೆಂಚನಿಗೆ ಚಿಗಟದ ಮಾತ್ರೆ ಮೂರು ತಿಂಗಳು ನಡೆಯಿತು. ಬೆನ್ನ ಕೂದಲು ಮತ್ತೆ ಬಂತು, ಮಗಳ ಕಾಲಿನ ಗುಳ್ಳೆಗಳು ಅದಕ್ಕೂ ಮೊದಲೇ ಮಾಯವಾದವು. ಅವನ ಚಾಪೆಯನ್ನು ಬಿಸಿಲಿಗೆ ಹಾಕುವ ಕೆಲಸವನ್ನು ಈಗ ಅಮ್ಮನೇ ವಹಿಸಿಕೊಂಡಿದ್ದಾರೆ.

ವೀಕ್ಷಕರಲ್ಲಿ ಒಂದು ವಿನಂತಿ. ಪಶು ಆಸ್ಪತ್ರೆಗೆ ಹೋಗುವಾಗ ನಾಲ್ಕು ವಿಷಯ ಬರೆದುಕೊಂಡು ಹೋಗಿ: ತುರಿಕೆ ಯಾವಾಗ ಶುರುವಾಯಿತು, ಮೈಯ ಯಾವ ಭಾಗದಲ್ಲಿ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ, ಈವರೆಗೆ ಏನೇನು ಹಚ್ಚಿದ್ದೀರಿ. ಕೊನೆಯದನ್ನು ಸಂಕೋಚಪಡದೆ ಹೇಳಿ. ಸೋಪಿನ ವಿಷಯ ಹೇಳಲು ನಾನೂ ಸ್ವಲ್ಪ ಸಂಕೋಚಪಟ್ಟಿದ್ದೆ.