ಕತ್ತಲಲ್ಲಿ ಬೆಚ್ಚುವ ಫಿಂಚ್‌ಗಳು

ಫಿಂಚ್ ಸಾಕಿದ ಮನೆಯವರಿಗೆಲ್ಲ ಒಂದು ಸದ್ದಿನ ಪರಿಚಯ ಇದ್ದೇ ಇರುತ್ತದೆ. ಎಲ್ಲರೂ ಮಲಗಿದ ಮೇಲೆ ಯಾವುದೋ ಹೊತ್ತಿನಲ್ಲಿ ಪಂಜರದೊಳಗೆ ಪಟಪಟ ರೆಕ್ಕೆ ಬಡಿತ, ಅದರ ಹಿಂದೆಯೇ ತಂತಿಗೆ ಮೈ ಅಪ್ಪಳಿಸುವ ಸಪ್ಪಳ. ಒಂದು ಹಕ್ಕಿ ಬೆಚ್ಚಿತೆಂದರೆ ಉಳಿದವೂ ಹಾರುತ್ತವೆ, ಯಾವುದಕ್ಕೂ ದಿಕ್ಕು ಕಾಣದು. ಬೆಳಿಗ್ಗೆ ನೋಡಿದರೆ ಟ್ರೇ ತುಂಬ ಉದುರಿದ ಪುಕ್ಕ, ಕೊಕ್ಕಿನ ಬುಡದಲ್ಲಿ ತರಚು ಗಾಯ. ಒಮ್ಮೊಮ್ಮೆ ಮೂಲೆಯಲ್ಲೊಂದು ಸತ್ತ ಹಕ್ಕಿ. ಹೆದರಿಸಿದ್ದೇನು ಎಂದು ಹುಡುಕಿದರೆ ಕಾರಣ ತೀರಾ ಚಿಕ್ಕದಿರುತ್ತದೆ: ರಸ್ತೆ ತಿರುವಿನಲ್ಲಿ ಹಾದುಹೋದ ಆಟೊದ ಹೆಡ್‌ಲೈಟ್, ಗೋಡೆ ಮೇಲೆ ಸರಿದ ಹಲ್ಲಿ, ಕೆಳಮನೆಯವರು ದಡಾರನೆ ಹಾಕಿಕೊಂಡ ಬಾಗಿಲು.

ನಮ್ಮಲ್ಲಿ ಹೆಚ್ಚಾಗಿ ಸಾಕುವ ಝೀಬ್ರಾ ಫಿಂಚ್ ಆಸ್ಟ್ರೇಲಿಯಾದ ಒಣ ಹುಲ್ಲುಗಾವಲಿನ ಹಕ್ಕಿ. ಗುಂಪು ಕಟ್ಟಿಕೊಂಡೇ ಬದುಕುತ್ತದೆ, ತೂಕ ಸುಮಾರು 12 ಗ್ರಾಂ. ಹಗಲಲ್ಲಿ ಕಣ್ಣು ಬಲು ಚುರುಕು, ಕತ್ತಲಾದರೆ ಎದುರಿನ ಕೋಲೂ ಕಾಣದು. ಬಯಲಲ್ಲಾದರೆ ಬೆಚ್ಚಿದ ಹಕ್ಕಿ ಹಾರಿ ಪಾರಾಗುತ್ತದೆ. ಪಂಜರದಲ್ಲಿ ಅದೇ ಹುಟ್ಟುಬುದ್ಧಿ ಅದನ್ನು ತಂತಿಗೆ ಬಡಿಸುತ್ತದೆ. ಕೋಲು ಬಿಟ್ಟು ಹಾರಿದ ಹಕ್ಕಿಗೆ ಮತ್ತೆ ಕೋಲು ಸಿಗಬೇಕಾದರೆ ಚೂರು ಬೆಳಕು ಬೇಕೇ ಬೇಕು.

ಹಾಗಾಗಿ ಪಂಜರವಿರುವ ಕೋಣೆಯಲ್ಲಿ ರಾತ್ರಿಯಿಡೀ ಒಂದು ಜೀರೊ ಬಲ್ಬ್ ಉರಿಯಲಿ. ಹಳೆಯ ಜೀರೊ ಬಲ್ಬ್ ಹೆಸರಿಗಷ್ಟೇ ಸೊನ್ನೆ, ಹನ್ನೆರಡು ಹದಿನೈದು ವಾಟ್ ನುಂಗುತ್ತಿತ್ತು. ಈಗಿನ ಎಲ್‌ಇಡಿಗೆ ಅರ್ಧ ವಾಟ್ ಸಾಕು, ಬಿಲ್ಲಿನ ಚಿಂತೆಯಿಲ್ಲ. ಬೆಳಕು ನೇರವಾಗಿ ಪಂಜರಕ್ಕೆ ಬೀಳದೆ ಗೋಡೆಗೆ ಬೀಳಲಿ. ಕರೆಂಟ್ ಆಗಾಗ ಕೈಕೊಡುವ ಊರಾದರೆ ಆ ಬಲ್ಬನ್ನು ಯುಪಿಎಸ್ ಲೈನಿಗೇ ಹಾಕಿಸಿ.

ಟ್ಯೂಬ್‌ಲೈಟ್ ಆರಿಸುವುದಕ್ಕೂ ಒಂದು ಕ್ರಮವಿದೆ. ಟಪ್ಪನೆ ಆರಿಸಿದರೆ ಕೆಳಗೆ ಕಾಳು ಹೆಕ್ಕುತ್ತಿದ್ದ ಹಕ್ಕಿ ಬೆಳಗಿನವರೆಗೂ ಅಲ್ಲೇ ಮುದುಡಿಕೊಂಡು ಕೂರಬೇಕು. ಮೊದಲು ದೊಡ್ಡ ದೀಪ ಆರಿಸಿ, ಮಂದ ದೀಪವೊಂದನ್ನು ಹದಿನೈದು ಇಪ್ಪತ್ತು ನಿಮಿಷ ಬಿಡಿ. ಆ ಹೊತ್ತಿನಲ್ಲಿ ಪಂಜರದ ಮುಂದೆ ನಿಂತು ನೋಡುವುದೇ ಚೆಂದ. ಒಂದೊಂದೇ ಎತ್ತರದ ಕೋಲಿಗೆ ಏರುತ್ತವೆ, ಒತ್ತೊತ್ತಾಗಿ ಕೂರುತ್ತವೆ. ತಡವಾಗಿ ಬಂದದ್ದು ತುದಿಯಲ್ಲಿ ಕೂರಲೊಲ್ಲದೆ ನಡುವೆ ನುಗ್ಗಿ ಒಂದಿಷ್ಟು ಜಗಳವೂ ಆಗುತ್ತದೆ. ಎಲ್ಲವೂ ಬೆನ್ನಿನ ಪುಕ್ಕಕ್ಕೆ ಕೊಕ್ಕು ಹುದುಗಿಸಿದ ಮೇಲೆ ಮಂದ ದೀಪವನ್ನೂ ಆರಿಸಿ, ಜೀರೊ ಬಲ್ಬ್ ಒಂದನ್ನೇ ಬಿಡಿ.

ಇದನ್ನೆಲ್ಲ ರಾತ್ರಿ ಹನ್ನೊಂದಕ್ಕೆ ಮಾಡಿದರೆ ಏನೂ ಪ್ರಯೋಜನವಿಲ್ಲ. ಫಿಂಚ್‌ಗೆ ಹತ್ತರಿಂದ ಹನ್ನೆರಡು ಗಂಟೆಯ ರಾತ್ರಿ ಬೇಕು, ದಿನವೂ ಅದೇ ಹೊತ್ತಿಗೆ. ಶಿಕಾಗೊ ವಿಶ್ವವಿದ್ಯಾಲಯದ ಅಮೀಶ್ ದವೆ ಮತ್ತು ಡೇನಿಯಲ್ ಮಾರ್ಗೊಲಿಯಾಶ್ 2000ದಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಗಲು ಹಾಡುವಾಗ ಝೀಬ್ರಾ ಫಿಂಚ್‌ನ ಮಿದುಳಿನ ಕೆಲವು ನರಕೋಶಗಳು ಮಿಡಿಯುವ ಕ್ರಮ ನಿದ್ದೆಯಲ್ಲೂ ಮರುಕಳಿಸುತ್ತದೆ. ಆ ನಿದ್ದೆಯ ಪಕ್ಕದಲ್ಲಿ ನಾವು ಮಧ್ಯರಾತ್ರಿವರೆಗೆ ಟಿವಿ ಹಾಕಿಕೊಂಡು ಕೂರುತ್ತೇವೆ. ಅತಿಥಿಗಳಿಗೆ ಕಾಣಲೆಂದು ಪಂಜರವನ್ನು ಹಾಲ್‌ನಲ್ಲಿ ಇಡುವುದು ನನಗಂತೂ ಒಪ್ಪಿಗೆಯಿಲ್ಲ. ಬಾಲ್ಕನಿ ಅದಕ್ಕಿಂತ ಕೆಟ್ಟದ್ದು: ಬೆಕ್ಕು, ಗಾಳಿ, ಬೀದಿದೀಪ ಎಲ್ಲವೂ ಅಲ್ಲೇ.

ಪ್ರೀತಿಯಿಂದಲೇ ಮಾಡುವ ಎಡವಟ್ಟುಗಳೂ ಇವೆ. ದಪ್ಪ ರಗ್ಗಿನಿಂದ ಪಂಜರವನ್ನು ಪೂರ್ತಿ ಮುಚ್ಚಿದರೆ ಒಳಗೆ ಕಗ್ಗತ್ತಲು, ಬೇಸಿಗೆಯಲ್ಲಿ ಉಸಿರುಕಟ್ಟುವ ಸೆಕೆ. ತೆಳ್ಳನೆ ಹತ್ತಿಬಟ್ಟೆಯಿಂದ ಮೂರು ಬದಿ ಮುಚ್ಚಿ, ಒಂದು ಬದಿ ಬಿಟ್ಟರೆ ಸಾಕು. ವಾಹನದ ಬೆಳಕು ಬೀಳುವ ಕಡೆ ಮಾತ್ರ ಖಂಡಿತ ಮುಚ್ಚಿರಲಿ. ಇನ್ನೊಂದು, ಸೊಳ್ಳೆಬತ್ತಿ. ಹಕ್ಕಿಗಳ ಉಸಿರಾಟಕ್ಕೆ ಶ್ವಾಸಕೋಶದ ಜೊತೆ ಗಾಳಿಚೀಲಗಳೂ ಸೇರಿರುವುದರಿಂದ ನಮಗೆ ಬರೀ ಕೆಮ್ಮು ತರಿಸುವ ಹೊಗೆ ಅವಕ್ಕೆ ಪ್ರಾಣಕ್ಕೇ ಕುತ್ತು. ಹಾಗೆಂದು ಸೊಳ್ಳೆಯನ್ನು ಕಡೆಗಣಿಸುವಂತಿಲ್ಲ, ಹಕ್ಕಿಸಿಡುಬು ಹರಡುವುದರಲ್ಲಿ ಅದರ ಪಾಲೂ ಇದೆ. ಪಂಜರಕ್ಕೊಂದು ಸೊಳ್ಳೆಪರದೆ ಹೊಲಿಸಿಬಿಡಿ.

ನವಣೆ ಉದುರಿದಲ್ಲಿ ಇಲಿ ಬಂದೇ ಬರುತ್ತದೆ, ಇಲಿ ಇರುವಲ್ಲಿಗೆ ಹಾವೂ ಬರಬಹುದು. ಸಂಜೆಯೇ ಟ್ರೇ ಜಾಡಿಸಿ, ಪಂಜರವನ್ನು ಗೋಡೆಯಿಂದ ದೂರವಾಗಿ ಸ್ಟ್ಯಾಂಡ್ ಮೇಲಿಡಿ. ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟರೆ ಇರುವೆ ಹತ್ತುವುದಿಲ್ಲ. ತಂತಿಗಳ ನಡುವಿನ ಅಂತರ ಅರ್ಧ ಇಂಚು ಮೀರಬಾರದು. ಉಯ್ಯಾಲೆ, ಗಂಟೆ, ಕನ್ನಡಿಗಳನ್ನು ರಾತ್ರಿ ಹೊರಗೆ ತೆಗೆದಿಡಿ. ಬೆಚ್ಚಿ ಹಾರಿದ ಹಕ್ಕಿ ಮೊದಲು ಬಡಿದುಕೊಳ್ಳುವುದು ಇವಕ್ಕೇ. ಮಲಗಲೆಂದು ಗೂಡು ಕಟ್ಟಿಕೊಡುವ ಆಸೆ ಬೇಡ. ಗೂಡು ಕಂಡರೆ ಸಾಕು, ಝೀಬ್ರಾ ಫಿಂಚ್ ಮೊಟ್ಟೆಯಿಡಲು ಶುರುಮಾಡುತ್ತದೆ. ಮೇಲಿಂದ ಮೇಲೆ ಮೊಟ್ಟೆಯಿಟ್ಟು ಸೊರಗಿದ ಹೆಣ್ಣಿನ ಹೊಟ್ಟೆಯಲ್ಲೇ ಮೊಟ್ಟೆ ಸಿಕ್ಕಿಕೊಂಡು ಸಾಯುವುದೂ ಉಂಟು.

ದೀಪಾವಳಿಗೆ ಬೇರೆಯೇ ತಯಾರಿ ಬೇಕು. ಹಬ್ಬದ ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ಪಟಾಕಿ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಬೀದಿಗಳಿಗೆ ಆ ಗಡಿಯಾರ ಇನ್ನೂ ತಲುಪಿಲ್ಲ. ಹಬ್ಬಕ್ಕೆ ಎರಡು ದಿನ ಮೊದಲೇ ಪಂಜರವನ್ನು ರಸ್ತೆಗೆ ದೂರವಿರುವ ಒಳಕೋಣೆಗೆ ಸಾಗಿಸಿ, ಹೊಸ ಜಾಗ ಒಗ್ಗಲಿ. ಆ ದಿನ ಮಧ್ಯಾಹ್ನದಿಂದಲೇ ಫ್ಯಾನ್ ಅಥವಾ ರೇಡಿಯೊ ಸಣ್ಣಗೆ ಓಡುತ್ತಿರಲಿ. ಒಂದೇ ಸಮನೆ ಕೇಳುವ ಸದ್ದಿನ ನಡುವೆ ಹೊರಗಿನ ಢಮಾರ್ ಅಷ್ಟು ತಟ್ಟುವುದಿಲ್ಲ. ಆ ರಾತ್ರಿ ಬೆಳಕು ಕೊಂಚ ಹೆಚ್ಚೇ ಇದ್ದರೂ ನಷ್ಟವಿಲ್ಲ.

ಇಷ್ಟಾಗಿಯೂ ಬೆಚ್ಚಿ ಹಾರಾಡಿದವೆನ್ನಿ. ಪಂಜರದೊಳಗೆ ಕೈ ಹಾಕಬೇಡಿ, ಹಿಡಿಯಲು ಬಂದ ಕೈ ಇನ್ನೊಂದು ದಿಗಿಲು. ಮಂದ ದೀಪ ಹಾಕಿ, ದಿನವೂ ಮಾತಾಡಿಸುವ ದನಿಯಲ್ಲೇ ಮಾತಾಡಿಸಿ. ಕೋಲು ಕಂಡೊಡನೆ ತಾವಾಗಿ ಹತ್ತುತ್ತವೆ. ಎಲ್ಲ ಕೂತ ಮೇಲೆ ರೆಕ್ಕೆ ಜೋತುಬಿದ್ದಿದೆಯೇ, ರಕ್ತ ಸುರಿಯುತ್ತಿದೆಯೇ ನೋಡಿ. ಹೊಸದಾಗಿ ಬೆಳೆಯುತ್ತಿರುವ ಗರಿಯ ದಂಟಿನಲ್ಲಿ ರಕ್ತ ಹರಿಯುತ್ತಿರುತ್ತದೆ, ಮುರಿದರೆ ಸುಲಭಕ್ಕೆ ನಿಲ್ಲದು. 12 ಗ್ರಾಂ ಹಕ್ಕಿಯ ಮೈಯಲ್ಲಿರುವ ರಕ್ತವೇ ಒಂದು ಮಿ.ಲೀ. ಆಸುಪಾಸು, ಅಂದರೆ ನಾಲ್ಕಾರು ಹನಿ ಹೋದರೂ ಅಪಾಯ. ಅಂಥ ಹೊತ್ತಿನಲ್ಲಿ ಮಾತ್ರ ಮೆದುಬಟ್ಟೆಯಲ್ಲಿ ಹಗುರಾಗಿ ಹಿಡಿದು, ಗಾಯದ ಮೇಲೆ ಕಾರ್ನ್‌ಫ್ಲೋರ್ ಒತ್ತಿ, ಗಾಳಿಯಾಡುವ ಸಣ್ಣ ಡಬ್ಬಿಯಲ್ಲಿ ಬೆಚ್ಚಗಿಟ್ಟು, ಹಕ್ಕಿಗಳನ್ನು ನೋಡುವ ಪಶುವೈದ್ಯರಿಗೆ ಆಗಲೇ ಫೋನ್ ಮಾಡಿ. ಆ ನಂಬರನ್ನು ಇವತ್ತೇ ವಿಚಾರಿಸಿ ಬರೆದಿಟ್ಟುಕೊಳ್ಳಿ; ನಾಯಿ ಬೆಕ್ಕು ನೋಡುವ ಎಲ್ಲ ಕ್ಲಿನಿಕ್‌ಗಳೂ ಫಿಂಚ್ ಮುಟ್ಟುವುದಿಲ್ಲ.